‘ಫೈಲ್ ಸರಿಯಿಲ್ಲ’ ಅಂತ ಹೇಳುತ್ತಿರುವುದು ಯಾರು?

ಜುಲೈ ತಿಂಗಳು. ಉಡುಪಿಯ ಕಲ್ಸಂಕದ ಹತ್ತಿರ ನನ್ನ ರೂಮಿನಲ್ಲಿ ಕರೆಂಟ್ ಹೋಗುತ್ತಾ ಬರುತ್ತಾ ಇತ್ತು. ಹೆಬ್ರಿಯಿಂದ ಒಬ್ಬರು ಅಮ್ಮ ಫೋನ್ ಮಾಡಿದರು. “ಎಂತ ಮಾರಾಯ್ರೆ, ಮಗಳ ಮಾರ್ಕ್ಸ್ ಕಾರ್ಡ್ ನಾಲ್ಕು ಸಲ ಹಾಕಿದೆ. ಫೈಲ್ ಸರಿಯಿಲ್ಲ ಅಂತಲೇ ಬರ್ತದೆ.”

ಅದು ಒಂದು ಸಂಘದ ಸ್ಕಾಲರ್‌ಶಿಪ್ ಅರ್ಜಿ, ವರ್ಡ್‌ಪ್ರೆಸ್ ಸೈಟ್. ಅರ್ಜಿ ತೆಗೆದುಕೊಳ್ಳುವ ಪ್ಲಗಿನ್ (ಸೈಟ್‌ಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಬರೆದವನು ನಾನೇ. ಏನೇ ತಪ್ಪಾದರೂ ಅದೊಂದೇ ವಾಕ್ಯ ತೋರಿಸುವ ಹಾಗೆ ಮಾಡಿಟ್ಟಿದ್ದೆ. ಶುದ್ಧ ಸೋಮಾರಿತನ.

ಇಂಥ ದೂರು ಬಂದರೆ ಮೊದಲು ಅವರ ಮೂಲ ಫೈಲನ್ನೇ ತರಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೊ ಕಳಿಸಿ ಅಂದರೆ ಕೆಲಸ ಕೆಡುತ್ತದೆ. ದಾರಿಯಲ್ಲಿ ಅದು ಕುಗ್ಗಿ ಚಿಕ್ಕ ಜೆಪೆಗ್ (ಜೆಪಿಜಿ) ಆಗಿ ಬರುತ್ತದೆ, ನಿಮ್ಮಲ್ಲಿ ಸಲೀಸಾಗಿ ಅಪ್‌ಲೋಡ್ ಆಗುತ್ತದೆ. ‘ನನಗೆ ಸರಿ ಬರ್ತಾ ಇದೆಯಲ್ಲ’ ಅಂತ ನೀವು ವಾದಕ್ಕೆ ನಿಲ್ಲುತ್ತೀರಿ. ನಾನು ನಿಂತಿದ್ದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ ಅನ್ನಿ.

ಆಮೇಲೆ ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು (ಸರ್ವರ್ ಕೊಡುವ ಉತ್ತರ ಅಲ್ಲಿ ಕಾಣುತ್ತದೆ) ಅದೇ ಫೈಲ್ ಹಾಕಿ. 413, ಅಂದರೆ ‘ಕಳಿಸಿದ್ದು ತೀರಾ ದೊಡ್ಡದು’ ಎಂಬ ಉತ್ತರ ಬಂದರೆ ಫೈಲ್ ನಿಮ್ಮ ಪ್ಲಗಿನ್ ತನಕ ಬಂದೇ ಇಲ್ಲ, ವೆಬ್ ಸರ್ವರ್ ಬಾಗಿಲಲ್ಲೇ ತಡೆದಿದೆ. ಆ ಸರ್ವರ್ ಎಂಜಿನ್‌ಎಕ್ಸ್ ಎಂಬ ಸಾಫ್ಟ್‌ವೇರ್ ಆದರೆ, ಯಾರೂ ಬದಲಾಯಿಸದಿದ್ದಲ್ಲಿ ಅದರ ಮಿತಿ ಬರೀ 1 ಎಂಬಿ.

ಅದನ್ನು ದಾಟಿದರೆ ಪಿಎಚ್‌ಪಿ, ವರ್ಡ್‌ಪ್ರೆಸ್ ಬರೆದಿರುವ ಭಾಷೆ. ಇಲ್ಲಿ ಮಿತಿ ಎರಡಿವೆ. ಬದಲಾಯಿಸದಿದ್ದರೆ ಒಂದು ಫೈಲ್‌ಗೆ 2 ಎಂಬಿ, ಇಡೀ ಫಾರ್ಮ್‌ಗೆ (ಪೋಸ್ಟ್ ಮಿತಿ) 8 ಎಂಬಿ. ನಾನು ಮೊದಲನೆಯದನ್ನು 5ಕ್ಕೆ ಏರಿಸಿ, ಎರಡನೆಯದನ್ನು ಮರೆತಿದ್ದೆ. ಹೆಬ್ರಿಯ ಅಮ್ಮ ಹಾಕಿದ್ದು ಮೂರು ಫೋಟೊ, ಒಂದೊಂದೂ 4 ಎಂಬಿ. ಒಟ್ಟು 12. ಫೈಲ್ ಒಂದೇ ದೊಡ್ಡದಾದರೆ ಪಿಎಚ್‌ಪಿ ಎರರ್ ಸಂಖ್ಯೆ 1 ಕೊಟ್ಟು ಹೇಳುತ್ತದೆ. ಇಡೀ ಫಾರ್ಮ್ ಮಿತಿ ಮೀರಿದರೆ ಫೈಲ್ ಪಟ್ಟಿಯೂ ಖಾಲಿ, ಹೆಸರು ವಿಳಾಸವೂ ಖಾಲಿ! ಆ ಖಾಲಿಯನ್ನು ನೋಡಿ ನನ್ನ ಪ್ಲಗಿನ್ ‘ಫೈಲ್ ಸರಿಯಿಲ್ಲ’ ಅಂದಿತ್ತು. ಹಿಡಿಯುವುದು ಸುಲಭ: ರಿಕ್ವೆಸ್ಟ್‌ನ ಕಂಟೆಂಟ್ ಲೆಂತ್ (ಬ್ರೌಸರ್ ಕಳಿಸಿದ ಒಟ್ಟು ಗಾತ್ರ) ದೊಡ್ಡ ಸಂಖ್ಯೆ ಇದ್ದು ಎರಡೂ ಪಟ್ಟಿ ಖಾಲಿ ಇದ್ದರೆ, ಪೋಸ್ಟ್ ಮಿತಿಯೇ ಕಾರಣ. ಅದನ್ನು 20 ಎಂಬಿ ಮಾಡಿದೆ, ವೆಬ್ ಸರ್ವರ್‌ನಲ್ಲೂ ಅಷ್ಟೇ.

ಗಾತ್ರ ಸರಿಯಿದ್ದೂ ಬೇಡ ಅಂದರೆ ಫೈಲ್‌ನ ಜಾತಿ ನೋಡಿ. ಒಪ್ಪುವ ಫೈಲ್‌ಗಳ ನನ್ನ ಪಟ್ಟಿಯಲ್ಲಿ ‘ಜೆಪಿಜಿ’ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿತ್ತು. ಕೆಲವು ಕ್ಯಾಮೆರಾ ದೊಡ್ಡ ಅಕ್ಷರದಲ್ಲಿ ಬರೆಯುತ್ತವೆ. ಹೋಲಿಸುವ ಮೊದಲು ಸಣ್ಣಕ್ಷರಕ್ಕೆ ತಿರುಗಿಸಿ, ಮುಗೀತು.

ಐಫೋನ್ ಇದ್ದ ಪಡುಬಿದ್ರಿಯ ಒಬ್ಬ ಹುಡುಗನದ್ದು ಬೇರೆ ಕಥೆ. ಐಫೋನ್ 2017ರಿಂದ ಫೋಟೊವನ್ನು ಜೆಪೆಗ್ ಅಲ್ಲದ ಎಚ್‌ಇಐಸಿ ಎಂಬ ರೂಪದಲ್ಲಿ ಇಡುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಯಾರೋ ಹೆಸರಿನ ಕೊನೆಗೆ ಜೆಪಿಜಿ ಅಂತ ಸೇರಿಸಿ ಕೊಟ್ಟಿದ್ದರು. ವರ್ಡ್‌ಪ್ರೆಸ್ ಹೆಸರು ನಂಬುವುದಿಲ್ಲ, ಒಳಗೂ ನೋಡುತ್ತದೆ. ಹೆಕ್ಸ್ ಎಡಿಟರ್‌ನಲ್ಲಿ (ಫೈಲ್‌ನ ಒಂದೊಂದು ಬೈಟನ್ನೂ ತೋರಿಸುವ ಸಾಧನ) ತೆರೆದರೆ ನಮಗೂ ಕಾಣುತ್ತದೆ. ಜೆಪೆಗ್ ಆದರೆ ಶುರುವಿನಲ್ಲಿ ‘ಎಫ್‌ಎಫ್ ಡಿ8 ಎಫ್‌ಎಫ್’ ಇರಬೇಕು. ಇಲ್ಲಿ ಇರಲಿಲ್ಲ. ಪ್ಲಗಿನ್ ಬೇಡ ಅಂದದ್ದು ಸರಿಯೇ. ಹುಡುಗ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ ಹೊಸ ಫೋಟೊ ತೆಗೆದ.

ಈ ಹಂತದಲ್ಲಿ ತಲೆಕೆಟ್ಟು ‘ಟೆಸ್ಟ್ ಟೈಪ್’ ಅನ್ನು ಫಾಲ್ಸ್ ಮಾಡಿ ವರ್ಡ್‌ಪ್ರೆಸ್ ಫೈಲ್‌ನ ಜಾತಿ ನೋಡುವುದನ್ನೇ ನಿಲ್ಲಿಸುವವರಿದ್ದಾರೆ. ದಯವಿಟ್ಟು ಬೇಡ. ಮಾರ್ಕ್ಸ್ ಕಾರ್ಡ್ ಬರುವ ದಾರಿಯಲ್ಲೇ ನಾಳೆ ಯಾರೋ ಪಿಎಚ್‌ಪಿ ಫೈಲ್ ನುಗ್ಗಿಸಿ ಸೈಟನ್ನೇ ಹಿಡಿದುಕೊಳ್ಳಬಹುದು. ಫಾರ್ಮ್‌ನಲ್ಲಿ ‘ಆಕ್ಸೆಪ್ಟ್’ (ಯಾವ ಜಾತಿಯ ಫೈಲ್ ಬೇಕೆಂಬ ಸೂಚನೆ) ಬರೆದಿದ್ದೇನಲ್ಲ ಅಂತಲೂ ನಂಬಿ ಕೂರಬೇಡಿ. ಅದು ಫೈಲ್ ಆರಿಸುವಾಗ ಸಹಾಯಕ್ಕೆ ಮಾತ್ರ, ಬ್ರೌಸರ್ ಹೇಳುವ ಟೈಪ್ ಕೂಡ ಯಾರು ಬೇಕಾದರೂ ಸುಳ್ಳು ಮಾಡಬಹುದು.

ಈಗ ಪ್ರತಿ ಕಾರಣಕ್ಕೂ ಬೇರೆ ವಾಕ್ಯ ಬರೆದಿದ್ದೇನೆ. ‘ಈ ಫೋಟೊ 6 ಎಂಬಿ ಇದೆ, 5 ಎಂಬಿ ಒಳಗಿರಲಿ.’ ಲಾಗ್‌ನಲ್ಲಿ ಎರರ್ ಸಂಖ್ಯೆ, ಗಾತ್ರ, ಟೈಪ್ ಅಷ್ಟೇ ಬೀಳುತ್ತದೆ, ಮಕ್ಕಳ ಹೆಸರಿಲ್ಲ. ಹೆಬ್ರಿಯ ಅಮ್ಮನಿಗೆ ಐದನೇ ಸಲಕ್ಕೆ ಹೋಯಿತು. ಆಮೇಲೆ ಇನ್ನೊಮ್ಮೆ ಫೋನ್ ಮಾಡಿದರು, ಒಟಿಪಿ ಬಂದಿಲ್ಲವಂತೆ.