ಬಿಳಿ ಬೋರ್ಡ್ ಕಾರಿನಲ್ಲಿ ವ್ಯಾಪಾರ: ಇನ್ಶೂರೆನ್ಸ್ ಸರಿ ಮಾಡಿಕೊಳ್ಳುವುದು ಹೇಗೆ?

ಮನೆಯಲ್ಲೇ ಹೋಳಿಗೆ, ಚಕ್ಕುಲಿ ಮಾಡಿ ಅಂಗಡಿಗಳಿಗೆ ಹಾಕುವವರು ಮೈಸೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅವರಲ್ಲಿ ಎಷ್ಟೋ ಜನ ಮನೆಯ ವ್ಯಾಗನ್‌ಆರ್ ಹಿಂದಿನ ಸೀಟು ಮಡಚಿ, ಡಬ್ಬಿ ತುಂಬಿಕೊಂಡು ಹೊರಡುತ್ತಾರೆ. ಕೇಳಿದರೆ, 'ಇನ್ಶೂರೆನ್ಸ್ ಇದೆಯಲ್ಲಾ' ಅಂತಾರೆ. ಇದೆ, ನಿಜ. ಆದರೆ ಯಾವುದಕ್ಕೆ ಇದೆ ಅನ್ನೋದನ್ನು ಗಾಡಿ ಗುದ್ದಿದ ಮೇಲೆ ಓದುತ್ತಾರೆ.

ಹೆಜ್ಜೆ 1: ಪಾಲಿಸಿಯಲ್ಲಿ ಒಂದು ಸಾಲು ಹುಡುಕಿ

ಎಲ್ಲರೂ ಎಡವುವುದು ಇಲ್ಲೇ. ಪಾಲಿಸಿ ಪಿಡಿಎಫ್ ತೆಗೆಯಿರಿ. ಐಡಿವಿ (ಕಾರಿಗೆ ಕಂಪನಿ ಕಟ್ಟಿದ ಬೆಲೆ) ಎಷ್ಟು, ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ಎಷ್ಟು ಅಂತ ಸುಮ್ನೆ ನೋಡಿ ಮುಚ್ಚಬೇಡಿ. 'ಲಿಮಿಟೇಷನ್ಸ್ ಆಸ್ ಟು ಯೂಸ್' (ಗಾಡಿ ಬಳಕೆಯ ಮಿತಿಗಳು) ಅಂತ ಸಣ್ಣಕ್ಷರದಲ್ಲಿ ಇರುತ್ತದೆ, ಅದನ್ನು ಹುಡುಕಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ಅಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಬಾಡಿಗೆಗೆ ಓಡಿಸುವಂತಿಲ್ಲ, ಸ್ಯಾಂಪಲ್ ಮತ್ತು ಸ್ವಂತ ಲಗೇಜ್ ಬಿಟ್ಟು ಬೇರೆ ಸರಕು ಸಾಗಿಸುವಂತಿಲ್ಲ, ರೇಸಿಗೆ ಬಳಸುವಂತಿಲ್ಲ.

ಅಂದರೆ ವ್ಯಾಪಾರದ ಕೆಲಸಕ್ಕೆ ಕಾರು ಹತ್ತಲೇಬಾರದು ಅಂತಲ್ಲ. ಗಿರಾಕಿ ನೋಡಲು ಹೋದಿರಿ, ಬ್ಯಾಂಕಿಗೆ ಹೋದಿರಿ, ಆಡಿಟರ್ ಹತ್ತಿರ ಹೋದಿರಿ, ತೊಂದರೆ ಇಲ್ಲ. ಸೀರೆ ವ್ಯಾಪಾರದವರು ನಾಲ್ಕು ಸೀರೆ ತೋರಿಸಲು ಒಯ್ದರೆ ಅದು ಸ್ಯಾಂಪಲ್. ಅದೇ ಕಾರಿನಲ್ಲಿ ಬಿಲ್ ಹಾಕಿದ 40 ಸೀರೆ ಡೆಲಿವರಿಗೆ ಹೋದರೆ ಅದು ಸರಕು. ಹೋಳಿಗೆ ರುಚಿ ನೋಡಲು ಒಂದು ಡಬ್ಬಿ ಅಂಗಡಿಗೆ ಕೊಟ್ಟು ಬರುವುದಕ್ಕೂ, ದಿನಾ ಬೆಳಿಗ್ಗೆ ಡಿಕ್ಕಿ ತುಂಬಾ ಡಬ್ಬಿ ಇಳಿಸಿ ಬರುವುದಕ್ಕೂ ಇದೇ ವ್ಯತ್ಯಾಸ. ಎಲೆಕ್ಟ್ರಿಷಿಯನ್‌ನ ಡ್ರಿಲ್ ಮಷೀನು, ಫೋಟೋಗ್ರಾಫರ್‌ನ ಲೈಟ್ ಸ್ಟ್ಯಾಂಡು ನಡುವೆ ಎಲ್ಲೋ ಬರುತ್ತವೆ. ಅಂಥವರು ಊಹೆ ಮಾಡಬೇಡಿ, ಮುಂದಿನ ಹೆಜ್ಜೆಯಲ್ಲಿ ಹೇಳಿದ ಹಾಗೆ ಕೇಳಿ.

ಅಪಘಾತದ ನಷ್ಟ ಅಳೆಯಲು ಬರುವ ಸರ್ವೇಯರ್‌ಗೆ ಏನು ಗೊತ್ತಾಗುತ್ತದೆ ಅನ್ನುವವರಿಗೆ ಒಂದು ಮಾತು. ಅವರು ಬಂಪರ್ ಜೊತೆ ಡಿಕ್ಕಿಯ ಫೋಟೋನೂ ತೆಗೆಯುತ್ತಾರೆ. ಮಡಚಿದ ಸೀಟು, ಪ್ಲಾಸ್ಟಿಕ್ ಕ್ರೇಟು, ಹಿಂದಿನ ಗಾಜಿನ ಮೇಲೆ 'ಆರ್ಡರ್‌ಗೆ ಕರೆ ಮಾಡಿ' ಅನ್ನೋ ಸ್ಟಿಕ್ಕರು, ಇಷ್ಟು ಸಾಕಲ್ವಾ?

ಎದುರಿನವರಿಗೆ ಪೆಟ್ಟಾದರೆ ಇನ್ನೂ ಕಷ್ಟ. ಪಾಲಿಸಿಯ ಷರತ್ತು ಮೀರಿದ್ದೀರಿ ಅಂತಾದರೆ, ಪರಿಹಾರವನ್ನು ಮೊದಲು ಕಂಪನಿ ಕಟ್ಟಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ ಅಂತ ಕೋರ್ಟ್ ಆದೇಶ ಮಾಡಬಹುದು. ಆ ಮೊತ್ತ ಕಾರಿನ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ ಆಗಬಹುದು.

ಹೆಜ್ಜೆ 2: ಕಂಪನಿಗೆ ಇ-ಮೇಲ್ ಹಾಕಿ

ಏಜೆಂಟರಿಗೆ ಫೋನ್ ಮಾಡಿದರೆ 'ಏನಾಗಲ್ಲ ಬಿಡಿ ಸಾರ್' ಅನ್ನುವ ಉತ್ತರ ಬರುತ್ತದೆ. ಕ್ಲೇಮ್ ದಿನ ಆ ಮಾತಿಗೆ ಬೆಲೆ ಇಲ್ಲ. ಪಾಲಿಸಿ ನಂಬರ್ ಹಾಕಿ ನೇರವಾಗಿ ಕಂಪನಿಗೇ ಬರೆಯಿರಿ: 'ಈ ಕಾರಿನಲ್ಲಿ ವಾರಕ್ಕೆ ಮೂರು ದಿನ ನಾನು ತಯಾರಿಸಿದ ತಿಂಡಿಯನ್ನು ಅಂಗಡಿಗಳಿಗೆ ತಲುಪಿಸುತ್ತೇನೆ. ಆ ಸಮಯದಲ್ಲಿ ಅಪಘಾತವಾದರೆ ಕ್ಲೇಮ್ ಸಿಗುತ್ತದೆಯೇ?' 'ಸಣ್ಣಪುಟ್ಟ ವ್ಯಾಪಾರ' ಅಂತ ಮೊಗಮ್ಮಾಗಿ ಬರೆದರೆ ಉತ್ತರವೂ ಮೊಗಮ್ಮಾಗೇ ಇರುತ್ತದೆ. ಬಂದ ಉತ್ತರವನ್ನು ಪಾಲಿಸಿ ಜೊತೆಗೇ ಇಟ್ಟುಕೊಳ್ಳಿ.

ಹೆಜ್ಜೆ 3: ಸರಕೇ ಜಾಸ್ತಿ ಇದ್ದರೆ

ಎರಡು ದಾರಿ ಇವೆ. ಒಂದು, ಹಳದಿ ಬೋರ್ಡಿನ ಸರಕು ಗಾಡಿ. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾತ್ರ ಬೇಕು. ಓಡಿಸಲು ಕಾರಿನ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು, ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಇದನ್ನು ಇನ್ನೊಮ್ಮೆ ಹೇಳಿದೆ. ಆದರೆ ಪ್ರೀಮಿಯಂ ಏರುತ್ತದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 1,000ದಿಂದ 1,500 ಸಿಸಿ ಖಾಸಗಿ ಕಾರಿನ ಥರ್ಡ್ ಪಾರ್ಟಿ (ಎದುರಿನವರಿಗಾದ ನಷ್ಟದ ವಿಮೆ) ಪ್ರೀಮಿಯಂ 3,416 ರೂಪಾಯಿ, 7,500 ಕಿಲೋ ಒಳಗಿನ ಸರಕು ಗಾಡಿಗೆ 16,049. ಬರೀ ಸ್ವಂತ ಸರಕು ಸಾಗಿಸುವ 'ಪ್ರೈವೇಟ್ ಕ್ಯಾರಿಯರ್' ವರ್ಗಕ್ಕೆ 8,510. ಈ ವರ್ಗದ ಬಗ್ಗೆ ನೀವೇ ಬಾಯಿ ಬಿಟ್ಟು ಕೇಳಿ.

ಇನ್ನೊಂದು, ದೊಡ್ಡ ಆರ್ಡರ್ ದಿನ ಟಾಟಾ ಏಸ್ ಬಾಡಿಗೆಗೆ ಹಿಡಿಯುವುದು. ವಾರಕ್ಕೆ ಒಂದೆರಡು ಟ್ರಿಪ್ ಇರುವವರಿಗೆ ನಾನು ಇದನ್ನೇ ಹೇಳುವುದು. ಮನೆ ಕಾರು ಮನೆಗೇ ಇರಲಿ. ಬಿಳಿ ಬೋರ್ಡಿನಲ್ಲಿ ಬಾಡಿಗೆಗೆ ಜನ ಕೂರಿಸುವ ಯೋಚನೆ ಮಾತ್ರ ಬಿಡಿ. ಪರ್ಮಿಟ್ ಇಲ್ಲದೆ ಓಡಿಸಿದರೆ ಹತ್ತು ಸಾವಿರ ದಂಡ, ಜೈಲಿಗೂ ಅವಕಾಶವಿದೆ.

ಹೆಜ್ಜೆ 4: ಆಡ್-ಆನ್ (ಹೆಚ್ಚುವರಿ ಕವರ್)

ಜೀರೋ ಡೆಪ್ (ಬದಲಿಸಿದ ಬಿಡಿಭಾಗಕ್ಕೆ ಸವಕಳಿ ಕಡಿತ ಮಾಡದ ಕವರ್) ತೆಗೆದುಕೊಳ್ಳಿ. 'ಪೇ ಆಸ್ ಯು ಡ್ರೈವ್' ಅಂತ ಕಿಲೋಮೀಟರ್ ಲೆಕ್ಕದ ಅಗ್ಗದ ಪಾಲಿಸಿ ಬೇಡವೇ ಬೇಡ. ವ್ಯಾಪಾರಕ್ಕೆ ಓಡುವ ಕಾರಿಗೆ ಆ ಮಿತಿ ಬೇಗ ಮುಗಿಯುತ್ತದೆ. ಅಂಗಡಿ ಹುಡುಗನನ್ನು ಕಾರಿನಲ್ಲಿ ಕರೆದೊಯ್ಯುವವರು ಉದ್ಯೋಗಿಗಳ ಹೊಣೆಗಾರಿಕೆಯ ಕವರ್ ಸೇರಿಸಿ. ತಲೆಗೆ 50 ರೂಪಾಯಿ ಅಷ್ಟೇ, ಆದರೂ ಜನ ಬಿಟ್ಟುಬಿಡುತ್ತಾರೆ. ಇನ್ನೊಂದು ವಿಷಯ, ಒಳಗಿರುವ ಸರಕು ಹಾಳಾದರೆ ಕಾರಿನ ಪಾಲಿಸಿ ಕೊಡುವುದಿಲ್ಲ. ಅದಕ್ಕೆ ಬೇರೆಯದೇ ಸಾಗಣೆ ವಿಮೆ ಇದೆ.

ಹೆಜ್ಜೆ 5: ಕ್ಲೇಮ್ ತಿರಸ್ಕಾರವಾದರೆ

ಕ್ಲೇಮ್ ಫಾರ್ಮ್‌ನಲ್ಲಿ ಸುಳ್ಳು ಬರೆಯಬೇಡಿ. ಡಬ್ಬಿ ಇದ್ದರೆ ಇತ್ತು ಅಂತಲೇ ಬರೆಯಿರಿ. ಬಳಕೆಯ ಷರತ್ತು ಮೀರಿದ್ದಕ್ಕೆ ಪೂರ್ತಿ ತಿರಸ್ಕರಿಸುವ ಬದಲು, ಕಾರಿನ ನಷ್ಟವನ್ನು 'ನಾನ್ ಸ್ಟ್ಯಾಂಡರ್ಡ್' ಲೆಕ್ಕದಲ್ಲಿ, ಅಂದರೆ ಒಂದು ಪಾಲು ಕಡಿತ ಮಾಡಿ, ಇತ್ಯರ್ಥ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಒಂದು ಪ್ರಕರಣದಲ್ಲಿ ಹೇಳಿದೆ. ಈ ಲೆಕ್ಕದಲ್ಲಿ ಕ್ಲೇಮ್‌ನ ಶೇ 75ರವರೆಗೂ ಸಿಗಬಹುದು, ಆದರೆ ಸುಳ್ಳು ಹೇಳಿ ಸಿಕ್ಕಿಬಿದ್ದವರ ಪರ ಇದನ್ನು ವಾದಿಸುವುದು ಕಷ್ಟ. ತಿರಸ್ಕಾರದ ಪತ್ರವನ್ನು ಬರಹದಲ್ಲೇ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ತಿಂಗಳೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮೆ ದೂರು ಇತ್ಯರ್ಥ ಮಾಡುವ ಅಧಿಕಾರಿ) ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಿ. ಶುಲ್ಕ ಇಲ್ಲ, ವಕೀಲರೂ ಬೇಡ. ಹೆಜ್ಜೆ 2ರ ಇ-ಮೇಲ್ ಪ್ರತಿಯನ್ನು ದೂರಿನ ಮೊದಲ ಪುಟಕ್ಕೇ ಲಗತ್ತಿಸಿ.