ಮರ ಬೆಳೆದವರ ಪರವಾಗಿ ಕಚೇರಿ ಮೆಟ್ಟಿಲು ಹತ್ತುವ ಕೆಲಸ

ಕೊಪ್ಪಳ ಜಿಲ್ಲೆಯ ನಮ್ಮ ಮರ ಬೆಳೆಗಾರರ ಸಂಘದಲ್ಲಿ ಅಧ್ಯಕ್ಷರ ಕುರ್ಚಿಗೆ ಪೈಪೋಟಿ ಇತ್ತು, ಕಾರ್ಯದರ್ಶಿಯ ಕುರ್ಚಿಗೆ ಇರಲಿಲ್ಲ. ನಡಾವಳಿ ಬರೆಯುವುದು, ಕಚೇರಿಗಳಿಗೆ ಅಲೆಯುವುದು, ಚಂದಾ ಕೇಳಿ ಬೈಸಿಕೊಳ್ಳುವುದು ಯಾರಿಗೆ ಬೇಕು? ಕುಷ್ಟಗಿ ಕಡೆಯ ಮಸಾರಿ ಹೊಲದಲ್ಲಿ ಹೆಬ್ಬೇವು, ಬದುವಿನ ಮೇಲೆ ತೇಗ ಹಾಕಿಕೊಂಡು ನನ್ನ ಪಾಡಿಗೆ ಇದ್ದ ನನಗೆ, ಅಕ್ಷರ ದುಂಡಗಿವೆ ಎಂಬ ಒಂದೇ ಅರ್ಹತೆಯ ಮೇಲೆ ಆ ಕೆಲಸ ಬಂತು. ಈಗಲೂ ಅದರಲ್ಲೇ ಇದ್ದೇನೆ.

ನಮ್ಮ ಕಡೆ ಮರದ ವ್ಯಾಪಾರ ಎಂದರೆ ಬಹಳ ಕಾಲ ಬಳ್ಳಾರಿ ಜಾಲಿಯೇ ಆಗಿತ್ತು. ಕಡಿದು ಇದ್ದಿಲು ಸುಡುವುದು, ಇಟ್ಟಿಗೆ ಭಟ್ಟಿಗೆ ಸಾಗಿಸುವುದು. ಮಳೆ ನೆಚ್ಚಿ ಸಜ್ಜೆ, ತೊಗರಿ ಬಿತ್ತುವವರು ಮರ ಬೆಳೆಯುವ ಮನಸ್ಸು ಮಾಡಿದ್ದು ಕೂಲಿಯಾಳು ಸಿಗದಂತಾದ ಮೇಲೆ, ಮಕ್ಕಳು ಬೆಂಗಳೂರು ಸೇರಿದ ಮೇಲೆ. 2011-12ರಲ್ಲಿ ರಾಜ್ಯ ಸರ್ಕಾರ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ತಂದು, ಅರಣ್ಯ ಇಲಾಖೆಯ ಸಸಿ ನೆಟ್ಟು ಬದುಕಿಸಿಕೊಂಡವರಿಗೆ ಮೂರು ವರ್ಷ ಸಹಾಯಧನ ಕೊಡತೊಡಗಿತು. ನೆಡುವ ತನಕ ಎಲ್ಲರೂ ಜೊತೆಗಿದ್ದರು. ಕಡಿಯುವ ಹೊತ್ತಿಗೆ ಯಾರ ಅನುಮತಿ ಬೇಕು, ಯಾವ ಅಳತೆಯಲ್ಲಿ ಮಾರಬೇಕು, ಲಾರಿಯನ್ನು ದಾರಿಯಲ್ಲಿ ತಡೆದರೆ ಏನು ತೋರಿಸಬೇಕು ಎಂದು ಹೇಳುವವರು ಇರಲಿಲ್ಲ. ಸಂಘ ಹುಟ್ಟಿದ್ದು ಆ ಪ್ರಶ್ನೆಗಳಿಂದ.

ಸಂಘ ಎಂದರೆ ಮನವಿ ಪತ್ರ ಎಂದು ನಮ್ಮ ಸದಸ್ಯರಲ್ಲಿ ಅರ್ಧದಷ್ಟು ಮಂದಿ ಇಂದಿಗೂ ನಂಬಿದ್ದಾರೆ. ಹತ್ತು ಬೇಡಿಕೆ, ಒಂದು ಹಾರ, ಒಂದು ಶಾಲು, ಮರುದಿನದ ಪತ್ರಿಕೆಯಲ್ಲಿ ಫೋಟೋ. ಅದರ ಬಗ್ಗೆ ನನಗೆ ಗೌರವ ಕಡಿಮೆ. ‘ರೈತರಿಗೆ ತೊಂದರೆಯಾಗುತ್ತಿದೆ’ ಎಂದು ಬರೆದ ಕಾಗದದ ಮೇಲೆ ಯಾವ ಅಧಿಕಾರಿಯೂ ಷರಾ ಬರೆಯಲಾರ. ಬರೆದರೂ ‘ಪರಿಶೀಲಿಸಿ’ ಎಂದಷ್ಟೇ ಬರೆದಾನು. ಯಾವ ಸರ್ವೆ ನಂಬರು, ಎಷ್ಟು ಮರ, ಅರ್ಜಿ ಸ್ವೀಕೃತಿಯಾದ ದಿನ ಯಾವುದು, ಕಡತ ಈಗ ಯಾರ ಮೇಜಿನ ಮೇಲಿದೆ, ಯಾವ ಕಾಯ್ದೆಯ ಯಾವ ಕಲಮಿನ ಪ್ರಕಾರ ಏನು ಆಗಬೇಕು ಎಂದು ಬರೆದರೆ ಉತ್ತರ ಕೊಡದೆ ವಿಧಿಯಿಲ್ಲ. ಆದ್ದರಿಂದ ನಾನು ಮೊದಲು ಹಿಡಿದ ಕೆಲಸ ಒಂದು ರಿಜಿಸ್ಟರು.

ಉದ್ದನೆಯ ಲೆಡ್ಜರ್ ಪುಸ್ತಕ, ಸದಸ್ಯನಿಗೊಂದು ಪುಟ. ಸರ್ವೆ ನಂಬರು, ಹಿಸ್ಸಾ, ಮರದ ಜಾತಿ, ನೆಟ್ಟ ವರ್ಷ, ಉಳಿದಿರುವ ಸಂಖ್ಯೆ, ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಯ ಮಟ್ಟದಲ್ಲಿ, ಸುತ್ತಳತೆ. ಕೊನೆಯ ಕಾಲಂನಲ್ಲಿ ಪಹಣಿ ಏನು ಹೇಳುತ್ತದೆ ಎಂಬುದು. ನಿಜವಾದ ರೋಗ ಸಿಕ್ಕಿದ್ದು ಆ ಕೊನೆಯ ಕಾಲಂನಲ್ಲಿ. ಪಹಣಿಯಲ್ಲಿ ಮರಗಳ ಹೆಸರು, ಸಂಖ್ಯೆ ಬರೆಯಲು ಜಾಗ ಇದೆ. ನಮ್ಮವರ ಪಹಣಿಗಳಲ್ಲಿ ಅದು ಖಾಲಿ. ಹೊಲದಲ್ಲಿ ಎದೆಯೆತ್ತರ ದಾಟಿದ ತೇಗ, ಕಾಗದದಲ್ಲಿ ತೊಗರಿ. ಕಡಿಯಲು ಅರ್ಜಿ ಹಾಕಿದ ದಿನ ‘ಈ ಮರ ನಿಮ್ಮದೇ ಎನ್ನಲು ಆಧಾರವೇನು’ ಎಂದು ಕೇಳಿದರೆ ರೈತ ಆಕಾಶ ನೋಡಬೇಕು.

ಅದಕ್ಕಿಂತ ದೊಡ್ಡದು ಖಾತೆಯ ತೊಡಕು. ಯಲಬುರ್ಗಾ ತಾಲ್ಲೂಕಿನ ಒಬ್ಬ ಸದಸ್ಯೆಯ ಹೊಲದಲ್ಲಿ ಮಾರಲು ಸಿದ್ಧವಾದ ಮರಗಳಿದ್ದವು. ಪಹಣಿ ಇನ್ನೂ ಮಾವನ ಹೆಸರಿನಲ್ಲಿತ್ತು. ಮಾವನೂ ಇಲ್ಲ, ಗಂಡನೂ ಇಲ್ಲ. ‘ಅಕ್ಕಾ, ಮೊದಲು ಪೌತಿ ಖಾತೆ ಆಗಲಿ, ಆಮೇಲೆ ಮರದ ಮಾತು’ ಎಂದೆ. ‘ಮರ ಮಾರಿಸುತ್ತೀರಿ ಎಂದು ಚಂದಾ ಕೊಟ್ಟೆ ತಮ್ಮಾ, ನೀವು ಮತ್ತೆ ತಹಶೀಲ್ದಾರರ ಕಚೇರಿಗೇ ಕಳಿಸುತ್ತೀರಲ್ಲ’ ಎಂದು ಬೇಸರಪಟ್ಟರು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಮೈದುನರ ಒಪ್ಪಿಗೆ ಎಲ್ಲಕ್ಕೂ ಸಂಘದ ಒಬ್ಬರು ಜೊತೆಗೆ ಹೋದರು. ಸದಸ್ಯರನ್ನು ಪ್ರತಿನಿಧಿಸುವುದು ಎಂದರೆ ದಿನನಿತ್ಯದ ಲೆಕ್ಕದಲ್ಲಿ ಬಹುತೇಕ ಇಂಥದೇ. ಇದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೇ ಕಲಮಿನಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸರ್ವೆ ಮರ, ಸಿಲ್ವರ್ ಓಕ್, ಸುಬಾಬುಲ್, ತೆಂಗು, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ತೇಗಕ್ಕೆ ಇಲ್ಲ. ಹೊಸ ಸದಸ್ಯರು ಬಂದಾಗ ಈ ಪಟ್ಟಿಯನ್ನೇ ಮೊದಲು ಕೈಗೆ ಕೊಡುತ್ತೇನೆ; ಏನು ನೆಡಬೇಕೆಂದು ಕೇಳುವವರಿಗೆ ಬೆಲೆಗಿಂತ ಮೊದಲು ಅದು ಗೊತ್ತಿರಬೇಕು. ಒಮ್ಮೆ ಹಲವು ಅರ್ಜಿಗಳು ಒಂದು ಕಚೇರಿಯಲ್ಲಿ ಕದಲದೆ ಕುಳಿತಾಗ ನಾವು ಧರಣಿ ಕೂರಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪ್ರತಿ ಕಡತದ ಟಿಪ್ಪಣಿ ಹಾಳೆಯ ನಕಲು ಕೇಳಿದೆವು. ನಕಲು ಬಂದಾಗ ತಿಳಿದದ್ದು, ಅರಣ್ಯದವರು ಕಂದಾಯದವರ ವರದಿಗೆ ಕಾಯುತ್ತಿದ್ದರು, ಕಂದಾಯದವರಿಗೆ ಆ ಪತ್ರ ತಲುಪಿರಲೇ ಇಲ್ಲ. ಇಬ್ಬರನ್ನೂ ಒಂದೇ ಮೇಜಿಗೆ ಕರೆಸಿದ್ದಷ್ಟೇ ನಮ್ಮ ಸಾಧನೆ.

ಹಣದ ದೃಷ್ಟಿಯಿಂದ ಸಂಘ ಸದಸ್ಯರಿಗೆ ಮಾಡಿದ ದೊಡ್ಡ ಉಪಕಾರ ಯಾವುದು ಎಂದು ಕೇಳಿದರೆ ಒಂದು ಅಳತೆ ಟೇಪು ಎನ್ನುತ್ತೇನೆ. ದಿಮ್ಮಿಯ ವ್ಯಾಪಾರ ಕಾಲು ಸುತ್ತಳತೆಯ, ಅಂದರೆ ಸುತ್ತಳತೆಯ ನಾಲ್ಕನೇ ಒಂದು ಭಾಗದ, ಲೆಕ್ಕದಲ್ಲಿ ನಡೆಯುತ್ತದೆ. ದಿಮ್ಮಿಯ ನಡುಮಧ್ಯದ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿ, 2304ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. 36 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿಗೆ 5.62 ಘನ ಅಡಿ. ಅದೇ ದಿಮ್ಮಿಯನ್ನು ದುಂಡಾದ ಕಂಬವೆಂದು ಲೆಕ್ಕ ಹಾಕಿದರೆ 7.16 ಇದೆ. ಅಂದರೆ ಈ ಸೂತ್ರ ಶೇಕಡ 21ಕ್ಕಿಂತ ಹೆಚ್ಚನ್ನು ಮೊದಲೇ ಬದಿಗಿಡುತ್ತದೆ. ಕೊಯ್ದು ಚೌಕ ಮಾಡುವಾಗ ಹೋಗುವ ಹಾನಿ ಎಂಬುದು ಅದರ ಸಮರ್ಥನೆ.

ಈ ಸೂತ್ರ ತೋರಿಸಿದ ದಿನ ಸಭೆಯಲ್ಲಿ ಗದ್ದಲ. ‘ಇದು ಹಗಲು ದರೋಡೆ, ಪೂರ್ತಿ ಅಳತೆಗೇ ಕೊಡಲಿ’ ಎಂದು ಕಾರಟಗಿ ಕಡೆಯವರು ಎದ್ದರು. ನಾನು ಒಪ್ಪಲಿಲ್ಲ. ಸಾ ಮಿಲ್ಲಿನವರು ದರ ಕಟ್ಟುವುದೇ ಈ ಸೂತ್ರದ ಮೇಲೆ. ಸೂತ್ರ ಬದಲಿಸಿದರೆ ಮರುದಿನ ದರ ಇಳಿಸುತ್ತಾರೆ, ನಮಗೆ ಉಳಿಯುವುದು ಜಗಳ ಮಾತ್ರ. ನಮಗೆ ಹೊಡೆತ ಬೀಳುತ್ತಿದ್ದದ್ದು ಬೇರೆ ಕಡೆ. ದಲ್ಲಾಳಿ ಟೇಪನ್ನು ನಡುವೆ ಹಿಡಿಯದೆ ಸಣ್ಣ ತುದಿಯ ಕಡೆ ಸರಿಸುತ್ತಿದ್ದ, ಅರ್ಧ ಇಂಚು ಬಂದರೆ ಬಿಟ್ಟುಬಿಡುತ್ತಿದ್ದ, ತೊಗಟೆಗೆಂದು ಬಾಯಿಮಾತಿನಲ್ಲಿ ಮತ್ತಷ್ಟು ಕಳೆಯುತ್ತಿದ್ದ. 36 ಇಂಚಿನ ದಿಮ್ಮಿಯನ್ನು 34 ಎಂದು ಬರೆದುಕೊಂಡರೆ 5.62 ಇದ್ದದ್ದು 5.02 ಆಗುತ್ತದೆ. ಎರಡೇ ಇಂಚಿನಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಮಾಯ. ಎತ್ತಿನ ಬಾಲ ಹಿಡಿದು ವಯಸ್ಸು ಹೇಳುವವನಂತೆ ದಲ್ಲಾಳಿ ಹೇಳಿದ್ದೇ ಅಳತೆಯಾಗಿತ್ತು.

ಈಗ ಕಡಿತದ ದಿನ ಸಂಘದ ಒಬ್ಬ ಸದಸ್ಯ ಸಂಘದ ಟೇಪಿನೊಂದಿಗೆ ಹಾಜರಿರುತ್ತಾನೆ. ಅಳತೆ ದಿಮ್ಮಿಯ ಮಧ್ಯದಲ್ಲಿ. ತೊಗಟೆ ಸೇರಿಸಿಯೋ ಬಿಟ್ಟೋ ಎಂಬುದು ಮುಂಗಡ ಪಡೆಯುವ ಮುನ್ನವೇ ಕಾಗದದಲ್ಲಿ. ಪ್ರತಿ ದಿಮ್ಮಿಯ ತುದಿಗೆ ಬಣ್ಣದಲ್ಲಿ ನಂಬರು, ಎರಡು ಪ್ರತಿ ಪಟ್ಟಿ. ಹೆಬ್ಬೇವನ್ನು ಟನ್ ಲೆಕ್ಕದಲ್ಲಿ ಕೊಟ್ಟರೆ ಕಡಿದ ದಿನವೇ ವೇಬ್ರಿಜ್‌ಗೆ. ಹಸಿ ಮರ ಬಿಸಿಲಿಗೆ ಬಿದ್ದಷ್ಟೂ ತೂಕ ಕಳೆದುಕೊಳ್ಳುತ್ತದೆ, ನಮ್ಮ ಬಿಸಿಲು ಎಂಥದೆಂದು ಹೇಳಬೇಕಿಲ್ಲ. ಕೇರಳದ ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳ ತನಕ ಸಾಗಿಸುವ ಖರ್ಚನ್ನು ಒಬ್ಬನೇ ರೈತ ಹೊರಲಾರ. ಅಕ್ಕಪಕ್ಕದ ಊರಿನವರ ಮಾಲು ಒಟ್ಟಾಗಿ ಲಾರಿ ತುಂಬಿದರೆ ಮಾತ್ರ ಮಾತುಕತೆಗೆ ಬಲ. ರಿಜಿಸ್ಟರು ನೋಡಿದರೆ ಯಾವ ಊರಿನಲ್ಲಿ ಯಾವ ವರ್ಷ ಎಷ್ಟು ಮಾಲು ಬರುತ್ತದೆ ಎಂದು ತಿಳಿಯುತ್ತದೆ. ಖರೀದಿದಾರರು ಈಗ ಅದನ್ನು ಕೇಳಿಕೊಂಡೇ ಬರುತ್ತಾರೆ.

ಸದಸ್ಯತ್ವ ಯಾರಿಗೆ ಎಂಬ ಪ್ರಶ್ನೆಯಲ್ಲಿ ಸಂಘ ಒಡೆಯುವ ಹಂತಕ್ಕೆ ಬಂದಿತ್ತು. ಎಕರೆಗೆ ಕೋಟಿ ಬರುತ್ತದೆಂದು ಹೇಳಿ ಸಸಿ ಮಾರುವ ಕೆಲವರು ದೊಡ್ಡ ಮೊತ್ತದ ದೇಣಿಗೆಯೊಂದಿಗೆ ಸದಸ್ಯತ್ವ ಕೇಳಿದರು. ಹಣದ ಕೊರತೆ ಇದ್ದದ್ದು ನಿಜ, ಅಧ್ಯಕ್ಷರಿಗೆ ಮನಸ್ಸೂ ಇತ್ತು. ಮತದಾನದ ಹಕ್ಕು ಹೊಲದಲ್ಲಿ ಮರ ನಿಂತಿರುವವರಿಗೆ ಮಾತ್ರ, ನರ್ಸರಿಯವರು, ದಲ್ಲಾಳಿಗಳು, ಮಿಲ್ಲಿನವರು ಅತಿಥಿಗಳಾಗಿ ಬರಬಹುದು ಎಂದು ಬೈಲಾದಲ್ಲಿ ಸೇರಿಸುವಂತೆ ಹಟ ಹಿಡಿದೆ. ಸಸಿ ಮಾರುವವನ ಲಾಭ ನೆಟ್ಟ ದಿನವೇ ಮುಗಿಯುತ್ತದೆ, ನಮ್ಮದು ಕಡಿದ ದಿನ ಶುರುವಾಗುತ್ತದೆ. ಇಬ್ಬರ ಪರವಾಗಿ ಒಂದೇ ಬಾಯಿ ಮಾತನಾಡಲಾರದು. ತಿದ್ದುಪಡಿ ಕಡಿಮೆ ಅಂತರದಲ್ಲಿ ಗೆದ್ದಿತು. ಕೆಲವರು ಇಂದಿಗೂ ನನ್ನ ಮನೆಯ ಚಹಾ ಕುಡಿಯುವುದಿಲ್ಲ.

ಶ್ರೀಗಂಧದವರದು ಬೇರೆಯೇ ಲೋಕ. ರಾಜ್ಯದ ಅರಣ್ಯ ಕಾಯ್ದೆಗೆ 2001ರಲ್ಲಿ ಬಂದ ತಿದ್ದುಪಡಿಯ ತನಕ ಸ್ವಂತ ಜಮೀನಿನ ಗಂಧದ ಮರವೂ ಸರ್ಕಾರದ್ದಾಗಿತ್ತು. ಆಮೇಲೆ ಅದು ಭೂಮಾಲೀಕನದಾಯಿತು. ಮಾಲೀಕತ್ವದ ಜೊತೆ ಕಳ್ಳನೂ ಬಂದ. ತೇಗದವನಿಗೆ ಅನುಮತಿಯ ಚಿಂತೆ, ಗಂಧದವನಿಗೆ ರಾತ್ರಿಯ ಚಿಂತೆ. ಸಾಮಾನ್ಯ ಸಭೆಯಲ್ಲಿ ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಕೇಳುತ್ತಿರಲಿಲ್ಲವಾದ್ದರಿಂದ ಗಂಧಕ್ಕೊಂದು ಉಪಸಮಿತಿ ಮಾಡಿ ಬಿಟ್ಟೆವು. ಪೊಲೀಸರೊಂದಿಗಿನ ವ್ಯವಹಾರ ಅವರದೇ.

ಇನ್ನು ದೆಹಲಿ. ಜಿಲ್ಲೆಯ ಸಂಘಕ್ಕೆ ಅಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. 1976ರ ಸಂವಿಧಾನದ 42ನೇ ತಿದ್ದುಪಡಿಯಿಂದ ಅರಣ್ಯ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವೂ ನಿಯಮ ಮಾಡಬಹುದು, ರಾಜ್ಯವೂ ಮಾಡಬಹುದು. 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿ ಬಂತು. 2017ರಲ್ಲಿ 1927ರ ಭಾರತೀಯ ಅರಣ್ಯ ಕಾಯ್ದೆಯ ಮರದ ವ್ಯಾಖ್ಯೆಯಿಂದ ಬಿದಿರು ಹೊರಬಿತ್ತು. 2023ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಒಂದೇ ಆನ್‌ಲೈನ್ ಸಾಗಣೆ ರಹದಾರಿಯ ವ್ಯವಸ್ಥೆಗೆ ಚಾಲನೆ ಸಿಕ್ಕಿತು. 2025ರ ಜೂನ್‌ನಲ್ಲಿ ಪರಿಸರ ಸಚಿವಾಲಯ ಕೃಷಿ ಜಮೀನಿನ ಮರ ಕಡಿಯಲು ಮಾದರಿ ನಿಯಮಗಳನ್ನು ರಾಜ್ಯಗಳಿಗೆ ಕಳಿಸಿತು: ತೋಟವನ್ನು ಸ್ಥಳದ ಗುರುತಿನೊಂದಿಗೆ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಕಡಿಯುವ ಅರ್ಜಿಯೂ ಅಲ್ಲೇ. ನಾನು ಅದನ್ನು ಓದುವಾಗ ನಮ್ಮ ಲೆಡ್ಜರಿನ ಕಾಲಂಗಳೇ ಕಂಡವು. ಆದರೆ ಮಾದರಿ ಎಂದರೆ ಮಾದರಿ ಮಾತ್ರ. ರಾಜ್ಯ ಒಪ್ಪಿಕೊಂಡು ತನ್ನ ನಿಯಮ ಮಾಡದೆ ಕುಷ್ಟಗಿಯಲ್ಲಿ ಏನೂ ಬದಲಾಗದು. ಆದ್ದರಿಂದ ಎಷ್ಟೇ ದೊಡ್ಡ ರಾಷ್ಟ್ರಮಟ್ಟದ ಒಕ್ಕೂಟವಾದರೂ ಅರ್ಧ ಕೆಲಸವನ್ನಷ್ಟೇ ಮಾಡಬಲ್ಲದು, ಉಳಿದರ್ಧ ವಿಧಾನಸೌಧದ ಮೆಟ್ಟಿಲು ಹತ್ತುವವರದು. ದೆಹಲಿಗೆ ಅಭಿಪ್ರಾಯ ಕಳಿಸುವಾಗ ನಾವು ಘೋಷಣೆ ಬರೆಯುವುದಿಲ್ಲ. ಯಾವ ವಾಕ್ಯವನ್ನು ಹೇಗೆ ತಿದ್ದಬೇಕೆಂದು ತಿದ್ದಿಯೇ ಬರೆದು, ಹೆಸರು ತೆಗೆದ ರಿಜಿಸ್ಟರಿನ ಸಾರಾಂಶ ಲಗತ್ತಿಸುತ್ತೇವೆ.

ಬೇರೆ ದೇಶಗಳಲ್ಲಿ ಇದೆಲ್ಲ ಸುಲಲಿತ ಎಂದುಕೊಂಡಿದ್ದೆ. ಐರ್ಲೆಂಡಿನ ಖಾಸಗಿ ಅರಣ್ಯ ಮಾಲೀಕರಿಗೆ ಐರಿಶ್ ಟಿಂಬರ್ ಗ್ರೋವರ್ಸ್ ಅಸೋಸಿಯೇಷನ್ ಎಂಬ ರಾಷ್ಟ್ರೀಯ ಸಂಘ ಇದೆ. ಅಲ್ಲಿಯೂ ಕಡಿಯಲು ಪರವಾನಗಿ ಬೇಕು, ಅಲ್ಲಿಯೂ ಅರ್ಜಿ ಮತ್ತು ಮೇಲ್ಮನವಿಗಳು ರಾಶಿ ಬಿದ್ದು, 2020ರಲ್ಲಿ ಮೇಲ್ಮನವಿಯ ಕ್ರಮ ತಿದ್ದಲು ಸಂಸತ್ತು ಕಾಯ್ದೆಯನ್ನೇ ತರಬೇಕಾಯಿತು. ಓದಿ ಸ್ವಲ್ಪ ಸಮಾಧಾನವಾಯಿತು, ಅಷ್ಟೊಂದು ಒಳ್ಳೆಯ ಬಗೆಯ ಸಮಾಧಾನವಲ್ಲದಿದ್ದರೂ.

ಮರ ಮಾರಿದ ಹಣಕ್ಕೆ ಆದಾಯ ತೆರಿಗೆ ಉಂಟೇ ಎಂಬುದು ಪ್ರತಿ ಮಹಾಸಭೆಯ ಪ್ರಶ್ನೆ. 1957ರಲ್ಲಿ ಸುಪ್ರೀಂ ಕೋರ್ಟ್ ರಾಜಾ ಬಿನಯ್ ಕುಮಾರ್ ಸಹಾಸ್ ರಾಯ್ ಪ್ರಕರಣದಲ್ಲಿ ಗೆರೆ ಎಳೆದಿದೆ: ನೆಲ ಹದ ಮಾಡಿ, ನೆಟ್ಟು ಬೆಳೆಸಿದ್ದಾದರೆ ಕೃಷಿ ಆದಾಯ, ತಾನಾಗಿ ಹುಟ್ಟಿ ಬೆಳೆದದ್ದಾದರೆ ಅಲ್ಲ. ಆದ್ದರಿಂದ ಗುಂಡಿ ತೋಡಿದ ಕೂಲಿ, ಸಸಿಯ ರಸೀದಿ, ಡ್ರಿಪ್ ಬಿಲ್ಲು ಯಾವುದನ್ನೂ ಎಸೆಯಬೇಡಿ ಎಂದು ಹೇಳುತ್ತಲೇ ಇರುತ್ತೇನೆ. ಹನ್ನೆರಡು ವರ್ಷ ರಸೀದಿ ಕಾಯುವುದು ಮರ ಕಾಯುವುದಕ್ಕಿಂತ ಕಷ್ಟ; ಪ್ರತಿಗಳನ್ನು ಸಂಘದ ಪೆಟ್ಟಿಗೆಯಲ್ಲಿ ಇಡಲು ಶುರುಮಾಡಿದ್ದೇವೆ.

ಬಾಕಿ ಇರುವುದು ಚಂದಾ. ವರ್ಷಕ್ಕೊಮ್ಮೆ ಎಲ್ಲರಿಂದ ಒಂದೇ ಮೊತ್ತ ಪಡೆದರೆ ಬದುವಿನಲ್ಲಿ ನಾಲ್ಕು ಮರ ಇರುವವನಿಗೆ ಭಾರ, ಹತ್ತು ಎಕರೆಯವನಿಗೆ ಲೆಕ್ಕಕ್ಕಿಲ್ಲ. ಮಾರಾಟದ ಮೇಲೆ ಸಣ್ಣ ಪಾಲು ಪಡೆಯೋಣ, ಮತ ಮಾತ್ರ ಎಲ್ಲರಿಗೂ ಒಂದೇ ಇರಲಿ ಎಂಬುದು ನನ್ನ ಪ್ರಸ್ತಾವ. ದೊಡ್ಡ ಹಿಡುವಳಿಯವರು ‘ಹೆಚ್ಚು ಕೊಡುವವರಿಗೆ ಹೆಚ್ಚು ಮತವೂ ಇರಲಿ’ ಎನ್ನುತ್ತಿದ್ದಾರೆ. ಎರಡನ್ನೂ ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಬರೆದಿದ್ದೇನೆ, ನನ್ನದನ್ನು ಮೊದಲು.