ಮಾರಿದ ಮನೆಗೆ ಒಂದು ವರ್ಷದ ವಾರಂಟಿ: ನನ್ನ ಅನುಭವ

"ಹಸು ಮಾರಿದೋನು ಹಾಲಿಗೂ ಜಾಮೀನು ನಿಲ್ತಾನೇನೋ?"

ತಿಪಟೂರಿನಿಂದ ಅಮ್ಮ ಫೋನಿನಲ್ಲಿ ಕೇಳಿದ್ದು ಹೀಗೆ. ಅಮೆರಿಕದ ಟೆಕ್ಸಸ್‌ನಲ್ಲಿ, ಡಾಲಸ್ ಹತ್ತಿರದ ಪ್ಲೇನೋದಲ್ಲಿದ್ದ ನಮ್ಮ ಮನೆಯನ್ನು 2023ರ ಬೇಸಿಗೆಯಲ್ಲಿ ಮಾರಲು ಹೊರಟಿದ್ದೆವು. ಕೊಳ್ಳುವವರಿಗೆ ಒಂದು ವರ್ಷದ ಹೋಮ್ ವಾರಂಟಿಯನ್ನೂ ನಮ್ಮ ಖರ್ಚಿನಲ್ಲೇ ಕೊಡುತ್ತೇವೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಅಮ್ಮನಿಗೆ ಅದು ಸುತರಾಂ ಹಿಡಿಸಲಿಲ್ಲ. ಮಾರಿದ ಮೇಲೆ ಅವರ ಮನೆ, ಅವರ ಪಾಡು, ಅಲ್ವಾ?

ಊರಿನ ಲೆಕ್ಕದಲ್ಲಿ ಅಮ್ಮ ಹೇಳಿದ್ದು ಸರಿ. ನಮ್ಮಲ್ಲಿ ಹಳೇ ಮನೆ ಕೊಳ್ಳುವವರು ಖಾತೆ, ಇಸಿ (ಋಣಭಾರ ಪತ್ರ), ಮೂಲಪತ್ರ ನೋಡುತ್ತಾರೆ. ಗೀಸರ್ ಎಷ್ಟು ವರ್ಷದ್ದು ಅಂತ ಯಾರೂ ಕೇಳುವುದಿಲ್ಲ. ಹೊಸ ಫ್ಲ್ಯಾಟ್ ಆದರೆ ಐದು ವರ್ಷದ ತನಕ ಕಟ್ಟಡದ ದೋಷಕ್ಕೆ ಬಿಲ್ಡರ್ ಹೊಣೆ ಅಂತ ರೇರಾ ಕಾಯ್ದೆಯಲ್ಲಿದೆ. ಹಳೇ ಮನೆಗೆ ಅದೂ ಇಲ್ಲ.

ಅಮೆರಿಕದ ಹೋಮ್ ವಾರಂಟಿ ಇನ್ಶೂರೆನ್ಸ್ ಅಲ್ಲ. ಬೆಂಕಿ, ಬಿರುಗಾಳಿ, ಆಲಿಕಲ್ಲು ಇನ್ಶೂರೆನ್ಸ್‌ನ ಪಾಲು. ಏಸಿ, ಹೀಟರ್, ಗೀಸರ್, ನೀರಿನ ಪೈಪು, ವೈರಿಂಗ್, ಡಿಶ್‌ವಾಷರ್ ಸವೆದು ಕೆಟ್ಟರೆ ವಾರಂಟಿ. ಟೆಕ್ಸಸ್‌ನ ಕಾಗದಪತ್ರಗಳಲ್ಲಿ ಇದರ ಹೆಸರೇ ಬೇರೆ: ರೆಸಿಡೆನ್ಷಿಯಲ್ ಸರ್ವೀಸ್ ಕಾಂಟ್ರಾಕ್ಟ್. ಈ ಹೆಸರೇ ಹೆಚ್ಚು ಪ್ರಾಮಾಣಿಕ ಅಂತ ನನಗನಿಸುತ್ತದೆ. ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಬೇಕು. ಏನಾದರೂ ಕೆಟ್ಟರೆ ಕಂಪನಿಯವರು ತಮ್ಮ ಮೆಕ್ಯಾನಿಕ್‌ನನ್ನು ಕಳಿಸುತ್ತಾರೆ. ಅವನು ಬಂದಾಗಲೆಲ್ಲ ನಾವು ಒಂದಿಷ್ಟು ಕೊಡಬೇಕು. ನಮ್ಮ ಕಾಂಟ್ರಾಕ್ಟ್‌ನಲ್ಲಿ ಅದು 85 ಡಾಲರ್ ಇತ್ತು.

ಇದರ ರುಚಿ ನನಗೆ ಮೊದಲೇ ಗೊತ್ತಿತ್ತು. ಅದೇ ಮನೆಯನ್ನು ನಾವು 2014ರ ಆಗಸ್ಟ್‌ನಲ್ಲಿ ಕೊಂಡಾಗ ಹಿಂದಿನ ಮಾಲೀಕರು ಇಂಥದ್ದೇ ವಾರಂಟಿ ಕೊಟ್ಟಿದ್ದರು. ಮುಂದಿನ ಯುಗಾದಿಯ ದಿನ ಹಾಲ್‌ನ ಸೀಲಿಂಗ್‌ನಲ್ಲಿ ತಟ್ಟೆಯಗಲದ ಕಂದು ಕಲೆ ಕಾಣಿಸಿತು. ಇಲ್ಲಿ ಎಷ್ಟೋ ಮನೆಗಳಲ್ಲಿ ಗೀಸರ್ ಕೂರಿಸುವುದು ಅಟ್ಟದ ಮೇಲೆ. 50 ಗ್ಯಾಲನ್‌ನ ಟ್ಯಾಂಕು. ಅದರ ತಳ ತೂತಾಗಿತ್ತು. ಒಬ್ಬಟ್ಟು ಬೇಯಿಸೋದು ಬಿಟ್ಟು ನನ್ನವಳು ಬಕೆಟ್ ಹಿಡಿದು ನಿಂತಳು, ನಾನು ಅಟ್ಟ ಹತ್ತಿದೆ. ವಾರಂಟಿಯವರು ಹೊಸ ಟ್ಯಾಂಕು ಹಾಕಿಕೊಟ್ಟರು, ಅದು ನಿಜ. ಆದರೆ ಸೋರಿದ ನೀರು ಹಿಡಿಯುವ ಕೆಳಗಿನ ತಟ್ಟೆ, ನೀರು ಕಾದು ಹಿಗ್ಗಿದಾಗ ಒತ್ತಡ ತಡೆಯುವ ಎಕ್ಸ್‌ಪ್ಯಾನ್ಷನ್ ಟ್ಯಾಂಕ್, ನಗರಸಭೆಯ ಪರ್ಮಿಟ್ ಇವೆಲ್ಲ ನಮ್ಮ ತಲೆಗೇ ಬಂದವು. ಸೀಲಿಂಗ್ ಬಣ್ಣವಂತೂ ಕೇಳಲೇಬೇಡಿ. ಆದರೂ ಆ ವರ್ಷ ಡೌನ್ ಪೇಮೆಂಟ್ ಕಟ್ಟಿ ಕೈ ಬರಿದಾಗಿತ್ತು. ಟ್ಯಾಂಕಿನ ದುಡ್ಡು ಉಳಿದದ್ದೇ ದೊಡ್ಡದಾಗಿ ಕಂಡಿತ್ತು.

ಮಾರುವಾಗ ನನ್ನ ತಲೆಯಲ್ಲಿ ಇದ್ದದ್ದು ಅದೇ. 2023ರಲ್ಲಿ ಸಾಲದ ಬಡ್ಡಿ ಶೇ 7ರ ಹತ್ತಿರ ಇತ್ತು. ಮೊದಲ ಮನೆ ಕೊಳ್ಳುವವರು ಕೊನೆಯ ಡಾಲರ್‌ವರೆಗೆ ಕೂಡಿಸಿ ತಂದಿರುತ್ತಾರೆ. ಕೀಲಿ ಸಿಕ್ಕ ಮೊದಲ ತಿಂಗಳೇ ಏಸಿ ಕೈಕೊಟ್ಟರೆ ಏನು ಮಾಡುವುದು ಅನ್ನುವ ಭಯ ಅವರಿಗೆ. ಭಯ ಪಡುವಂಥ ಏಸಿಯೇ ನಮ್ಮದು. ಮೇಲ್ಮಹಡಿಯದ್ದು 2009ರದು. ಅದರೊಳಗೆ ತಂಪು ಮಾಡುವ ಆರ್-22 ಗ್ಯಾಸು. ಓಝೋನ್ ಪದರಕ್ಕೆ ಹಾನಿ ಅಂತ 2020ರ ಜನವರಿಯಿಂದ ಅಮೆರಿಕದಲ್ಲಿ ಈ ಗ್ಯಾಸನ್ನು ಹೊಸದಾಗಿ ತಯಾರಿಸುವಂತಿಲ್ಲ, ತರಿಸುವಂತೆಯೂ ಇಲ್ಲ. ಹಳೇ ದಾಸ್ತಾನು, ಹಳೇ ಏಸಿಗಳಿಂದ ತೆಗೆದು ಶುದ್ಧ ಮಾಡಿದ್ದು, ಅಷ್ಟೇ ಸಿಗೋದು. ಬೆಲೆ ಅದಕ್ಕೆ ತಕ್ಕಂತೆ.

ನಮ್ಮ ಏಜೆಂಟ್ ಒಂದು ದಾರಿ ತೋರಿಸಿದರು. ವಾರಂಟಿಯನ್ನು ಮನೆ ಮಾರಾಟಕ್ಕೆ ಹಾಕಿದ ದಿನದಿಂದಲೇ ಶುರು ಮಾಡಬಹುದು. ಮಾರಾಟ ಆಗೋವರೆಗೆ ಅದು ನಮ್ಮನ್ನು ಕಾಯುತ್ತದೆ, ಆಮೇಲೆ ಕೊಂಡವರನ್ನು. ದುಡ್ಡನ್ನು ಕ್ಲೋಸಿಂಗ್ ದಿನ, ಅಂದರೆ ಮಾರಾಟದ ಲೆಕ್ಕ ಚುಕ್ತಾ ಆಗುವ ದಿನ, ಮನೆಯ ಹಣದಲ್ಲೇ ಮುರಿದುಕೊಳ್ಳುತ್ತಾರೆ. ಕೇಳಲು ಎಷ್ಟು ಚೆಂದ! ಸಹಿ ಹಾಕಿದೆ.

ಜೂನ್ ಎರಡನೇ ವಾರ, ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್. ಮನೆ ತೋರಿಸುವ ಶನಿವಾರ ಬೆಳಿಗ್ಗೆ ಮೇಲಿನ ಏಸಿ ಬಿಸಿ ಗಾಳಿ ಊದತೊಡಗಿತು. ವಾರಂಟಿಯವರಿಗೆ ಫೋನ್ ಹಚ್ಚಿದೆ. ಮೆಕ್ಯಾನಿಕ್ ಬಂದದ್ದು ಮಂಗಳವಾರ. ಹೊರಗಿನ ಯೂನಿಟ್ ಹತ್ತಿರದ ಪೈಪಿನ ಬೆಸುಗೆಗೆ ಸೋಪಿನ ನೀರು ಸವರಿ ತೋರಿಸಿದ. ಸಣ್ಣ ಸಣ್ಣ ಗುಳ್ಳೆ ಎದ್ದವು. ಸೋರಿಕೆ ಸಿಕ್ಕಿತಲ್ಲ ಅಂತ ಖುಷಿಪಟ್ಟೆ. ಮಧ್ಯಾಹ್ನ ಕಂಪನಿಯಿಂದ ಫೋನ್ ಬಂತು: ಪ್ರತಿ ವರ್ಷ ಸರ್ವೀಸ್ ಮಾಡಿಸಿದ ರಸೀದಿ ಕೊಡಿ. ಫಿಲ್ಟರ್ ನಾನೇ ಬದಲಿಸುತ್ತಿದ್ದೆ, ಕಾಯಿಲ್ ನಾನೇ ತೊಳೆಯುತ್ತಿದ್ದೆ. ರಸೀದಿ ಎಲ್ಲಿಂದ ತರಲಿ? ಕ್ಲೇಮ್ ತಿರಸ್ಕೃತ. 85 ಡಾಲರ್ ಮಾತ್ರ ಹೋಯಿತು, ಅದು ವಾಪಸ್ ಇಲ್ಲ.

ಆಮೇಲೆ ಕಾಂಟ್ರಾಕ್ಟ್ ತೆರೆದು ಕೂತು ಓದಿದೆ. ಮೊದಲೇ ಓದಬೇಕಿತ್ತು. ಕ್ಲೇಮ್ ಒಪ್ಪಿದ್ದರೂ ಗ್ಯಾಸಿಗೆ ಪೌಂಡಿಗೆ 10 ಡಾಲರ್ ಮಾತ್ರ ಕೊಡುತ್ತಿದ್ದರು. ಆರ್-22ಗೆ ಅದು ಮೂಗಿಗೆ ತುಪ್ಪ ಸವರಿದ ಹಾಗೆ. ಮಾರುವವರ ಅವಧಿಯಲ್ಲಿ ಇಡೀ ಏಸಿಗೆ ಬೇರೆಯೇ ಮಿತಿ, ಅದೂ ಕಡಿಮೆ. ನನ್ನನ್ನು ಕೇಳಿದರೆ ಮಾರುವವರಿಗೆ ಸಿಗುವ ಈ ರಕ್ಷಣೆ ಬರೀ ಹೆಸರಿಗೆ. ಅದನ್ನು ನಂಬಿ ಕೂರಬೇಡಿ. ಬೇರೆ ಮೆಕ್ಯಾನಿಕ್‌ನನ್ನು ಕರೆಸಿ ಬೆಸುಗೆ ಹಾಕಿಸಿದೆ, ಗ್ಯಾಸ್ ತುಂಬಿಸಿದೆ. 940 ಡಾಲರ್.

ಬಿಲ್ಲನ್ನು ಮುಚ್ಚಿಡೋದಾ, ತೋರಿಸೋದಾ? "ಕೆಲಸ ಮುಗೀತಲ್ಲ, ಹೇಳೋದೇನಿದೆ ರೀ?" ಅಂದಳು ಹೆಂಡತಿ. ಟೆಕ್ಸಸ್‌ನಲ್ಲಿ ಹಳೇ ಮನೆ ಮಾರುವವರು ಸೆಲ್ಲರ್ಸ್ ಡಿಸ್‌ಕ್ಲೋಷರ್ ಅನ್ನುವ ಕಾಗದದಲ್ಲಿ ಮನೆಯ ಊನಗಳನ್ನು ತಮಗೆ ಗೊತ್ತಿರುವ ಮಟ್ಟಿಗೆ ಬರೆದುಕೊಡಬೇಕು, ಅದು ಕಾನೂನು. ವಾರಂಟಿ ಕೊಟ್ಟೆವು ಅಂತ ಇದರಿಂದ ತಪ್ಪಿಸಿಕೊಳ್ಳಲಾಗದು. ಹಾಳೆ ತಿದ್ದಿ, ಬಿಲ್ಲಿನ ಪ್ರತಿ ಲಗತ್ತಿಸಿ ಕೊಟ್ಟೆವು.

ಎರಡು ವಾರದಲ್ಲಿ ಒಂದು ಎಳೇ ಜೋಡಿ ಆಫರ್ ಕೊಟ್ಟಿತು. ಇಲ್ಲಿ ಆಪ್ಷನ್ ಪೀರಿಯಡ್ ಅಂತ ಇರುತ್ತದೆ. ಸ್ವಲ್ಪ ಫೀ ಕೊಟ್ಟು ಕೆಲವು ದಿನ ಪಡೆಯುತ್ತಾರೆ, ಆ ದಿನಗಳಲ್ಲಿ ಯಾವುದೇ ಕಾರಣಕ್ಕಾದರೂ ಮನೆ ಬೇಡ ಅನ್ನಬಹುದು. ಅವರ ಇನ್‌ಸ್ಪೆಕ್ಟರ್ ಅರ್ಧ ದಿನ ಮನೆಯೆಲ್ಲ ಜಾಲಾಡಿದ. ವರದಿಯಲ್ಲಿ ಬಾಗಿಲ ಸ್ಕ್ರೂವರೆಗೂ ಫೋಟೋ! ಏಸಿ ಬಗ್ಗೆ ಒಂದೇ ಸಾಲು: ಆಯುಸ್ಸು ಮುಗಿಯುತ್ತ ಬಂದಿದೆ. ಮರುದಿನ ಅವರು 8,000 ಡಾಲರ್ ಇಳಿಸಿ ಅಂದರು.

ಚೌಕಾಸಿ ಶುರುವಾಯಿತು. ಟೆಕ್ಸಸ್‌ನ ಮಾರಾಟದ ಫಾರಂನಲ್ಲೇ ಈ ವಾರಂಟಿಗೆ ಒಂದು ಕಲಂ ಇದೆ. ಕೊಳ್ಳುವವರು ತಮಗೆ ಬೇಕಾದ ಕಂಪನಿಯಿಂದ ತಗೊಳ್ಳಬಹುದು, ಮಾರುವವರು ಇಂತಿಷ್ಟರವರೆಗೆ ಕ್ಲೋಸಿಂಗ್‌ನಲ್ಲಿ ಭರಿಸುತ್ತಾರೆ ಅಂತ. ಮೊತ್ತದ ಜಾಗ ಖಾಲಿ ಇರುತ್ತದೆ. ಅವರು ತಗೊಳ್ಳದಿದ್ದರೆ ನಮಗೆ ಖರ್ಚೇ ಇಲ್ಲ. ಅಲ್ಲಿ ಮೊದಲು 550 ಡಾಲರ್ ಅಂತ ಬರೆದಿದ್ದೆವು. ನಾನೇ ಸಿಕ್ಕಿಹಾಕಿಕೊಂಡ ಕಂಪನಿಯನ್ನು ಅವರ ತಲೆಗೆ ಕಟ್ಟುವ ಮನಸ್ಸು ಬರಲಿಲ್ಲ. ಏಜೆಂಟ್‌ಗೆ ಹೇಳಿ ಆ ವಾರಂಟಿ ರದ್ದು ಮಾಡಿಸಿದೆ. ಮೊತ್ತವನ್ನು 800ಕ್ಕೆ ಏರಿಸಿ ಒಂದು ಚೀಟಿ ಬರೆದು ಕಳಿಸಿದೆ: ಗ್ಯಾಸಿಗೆ ಪೌಂಡಿನ ಮಿತಿ ಇಲ್ಲದ ಪ್ಲಾನ್ ತಗೊಳ್ಳಿ, ಏಸಿಗೆ ಒಟ್ಟು ಎಷ್ಟು ಕೊಡುತ್ತಾರೆ ನೋಡಿ, ಹಳೇ ರಸೀದಿ ಕೇಳುತ್ತಾರಾ ಅಂತ ಮೊದಲೇ ವಿಚಾರಿಸಿ. ಅದರ ಜೊತೆ ಕ್ಲೋಸಿಂಗ್ ಲೆಕ್ಕದಲ್ಲಿ 3,000 ಡಾಲರ್ ಬಿಟ್ಟುಕೊಟ್ಟೆವು. ಒಪ್ಪಿಕೊಂಡರು. 8,000 ಅಂದವರು 3,800ಕ್ಕೆ ನಿಂತರು. ಬರೀ ವಾರಂಟಿಯಿಂದ ಹಾಗಾಯಿತು ಅಂತ ಹೇಳಲಾರೆ. ಸೋರಿಕೆಯ ಬಿಲ್ಲನ್ನು ನಾವೇ ಮುಂದಾಗಿ ಕೊಟ್ಟದ್ದು ಅವರಿಗೆ ಹಿಡಿಸಿತು ಅಂತ ಆಮೇಲೆ ಏಜೆಂಟ್ ಹೇಳಿದರು.

ಕಂಪನಿ ಆರಿಸುವ ಮೊದಲು ಟೆಕ್ಸಸ್‌ನ ಲೈಸೆನ್ಸ್ ಇಲಾಖೆ, ಟಿಡಿಎಲ್‌ಆರ್‌ನಲ್ಲಿ ಅದರ ಲೈಸೆನ್ಸ್ ಇದೆಯಾ ನೋಡಬೇಕು. 2021ರ ಸೆಪ್ಟೆಂಬರ್‌ವರೆಗೆ ಇದು ರಿಯಲ್ ಎಸ್ಟೇಟ್ ಕಮಿಷನ್ ಕೈಲಿತ್ತು. ಇನ್ನೊಂದು ಮಾತು. ಡಾಲಸ್ ಸುತ್ತಲಿನದು ನಮ್ಮ ಎರೆಭೂಮಿಯಂಥ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ, ಮನೆಯ ಪಾಯ ಅಲ್ಲಾಡುತ್ತದೆ. ಪಾಯ ಇಂಥ ವಾರಂಟಿಯಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಕೊಳ್ಳುವವರು ಎಲ್ಲಾ ಸೇರಿದೆ ಅಂದುಕೊಂಡಿದ್ದರೆ ನಾವೇ ಬಿಡಿಸಿ ಹೇಳೋದು ಒಳ್ಳೆಯದು.

ಆಗಸ್ಟ್ ಕೊನೆಗೆ, ಮನೆ ಕೊಂಡ ಜೋಡಿಯ ಹುಡುಗಿಯಿಂದ ಮೆಸೇಜ್ ಬಂತು. ಏಸಿಯ ಕಂಪ್ರೆಸರ್ ಸತ್ತಿತ್ತು. ವಾರಂಟಿಯವರು ಹಳೇ ರಿಪೇರಿಯ ಪುರಾವೆ ಕೇಳುತ್ತಿದ್ದರು, ಅವಳ ಪ್ರತಿ ಎಲ್ಲೋ ಪೆಟ್ಟಿಗೆಯಲ್ಲಿ ಸೇರಿಕೊಂಡಿತ್ತು. ನನ್ನ ಬಿಲ್ಲಿನ ಫೋಟೋ ತೆಗೆದು ಕಳಿಸಿದೆ. ಹತ್ತು ದಿನ ಎಳೆದಾಡಿ, ರಿಪೇರಿ ಬದಲು ಒಂದು ಮೊತ್ತ ಕೊಟ್ಟು ಕೈತೊಳೆದುಕೊಂಡರಂತೆ. ನಮ್ಮ 3,000 ಸೇರಿಸಿ, ಉಳಿದದ್ದನ್ನು ತಾವು ಹಾಕಿ ಹೊಸ ಏಸಿ ಕೂರಿಸಿದರು.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಸರಿ ಬಿಡು, ಹಸುವೇ ಹೊಸದು ಬಂತಲ್ಲ" ಅಂದಳು.

ಹುಡುಗಿ ಕಡೆಗೆ ಕೇಳಿದ್ದು ಒಂದೇ: ಮೇಲಿನ ಫಿಲ್ಟರ್ ಅಳತೆ ಎಷ್ಟು? 20 ಇಂಟು 25 ಇಂಟು 1 ಅಂತ ಬರೆದೆ. ಜೊತೆಗೆ, ಕೊಂಡ ರಸೀದಿ ಎಸೆಯಬೇಡಿ ಅಂತಲೂ.